ಒಂದು ‘ಟಿ’ ಬಿಟ್ಟುಹೋದಾಗ: ಹಂಚಿಕೊಂಡ ಇಮ್ಯಾಕ್ಸ್ ಕಾನ್ಫಿಗ್‌ನ ಮರುರಚನೆ, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ದಕ್ಷಿಣ ಬೆಂಗಳೂರಿನಲ್ಲಿರುವ, ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಕಂಪ್ಯೂಟರ್ ಪಾಠಗಳನ್ನು ಸಿದ್ಧಪಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಸಂಸ್ಥೆಯ ಹೆಸರನ್ನೂ ಅಲ್ಲಿದ್ದವರ ಹೆಸರುಗಳನ್ನೂ ಬಿಟ್ಟಿದ್ದೇನೆ; ಗುರುತು ಸಿಗಬಹುದಾದ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿವರಗಳನ್ನು ಮಾತ್ರ ಮುಟ್ಟಿಲ್ಲ. ಆ ತಂಡದಲ್ಲಿ ನಾನು, ಎಡಿಟರ್ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಸಿದ್ಧತೆಯ ಕಡತವಾದ ಕಾನ್ಫಿಗ್‌ನ ಎರಡನೆಯ ನಿರ್ವಾಹಕನಾಗಿದ್ದೆ, ಅಂದರೆ ಮುಖ್ಯ ನಿರ್ವಾಹಕಿ ಬರೆದ ಪ್ರತಿಯೊಂದು ಬದಲಾವಣೆಯನ್ನೂ ಓದಿ ಒಪ್ಪಿಗೆ ಕೊಡುವುದು ನನ್ನ ಕೆಲಸವಾಗಿತ್ತು. ಮುಂದೆ ಹೇಳಲಿರುವ ತಪ್ಪಿಗೆ ಒಪ್ಪಿಗೆ ಕೊಟ್ಟವನು ನಾನೇ.

ತಂಡದಲ್ಲಿ 14 ಜನರಿದ್ದೆವು. ನಾಲ್ವರು ಪ್ರೋಗ್ರಾಮರ್‌ಗಳು, ಉಳಿದವರು ಪಾಠ ಬರೆಯುವವರು, ಅನುವಾದಕರು ಮತ್ತು ಕರಡು ತಿದ್ದುವ ಒಬ್ಬ ಹಿರಿಯ ಸಂಪಾದಕಿ. ಪಾಠಗಳೆಲ್ಲ ಆರ್ಗ್ ಎಂಬ ಸರಳ ಪಠ್ಯ ರೂಪದ ಕಡತಗಳಲ್ಲಿರುತ್ತಿದ್ದವು. ಒಂದೇ ಕಡತದಿಂದ ಜಾಲಪುಟವೂ ಮುದ್ರಣಕ್ಕೆ ಹೋಗುವ ಪಿಡಿಎಫ್ ಕೂಡ ಹೊರಡುತ್ತಿತ್ತು, ಪಾಠದ ನಡುವೆ ಬರುವ ಪೈಥಾನ್ ಉದಾಹರಣೆಗಳನ್ನು ಅಲ್ಲಿಯೇ ಓಡಿಸಿ ನೋಡಬಹುದಾಗಿತ್ತು. ಹಾಗಾಗಿ ಪಾಠ ಬರೆಯುವವರೂ ಪ್ರೋಗ್ರಾಮರ್‌ಗಳೂ ಇಮ್ಯಾಕ್ಸ್ ಎಂಬ ಒಂದೇ ಎಡಿಟರ್ ಬಳಸುತ್ತಿದ್ದರು. ಕನ್ನಡದ ಕೆಲಸಕ್ಕೆ ಅದು ಒಗ್ಗುತ್ತದೆ. ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಕೀಲಿ ವಿನ್ಯಾಸಗಳು ಅದರೊಳಗೇ ಇವೆ, 2020ರಲ್ಲಿ ಬಂದ 27ನೆಯ ಆವೃತ್ತಿಯಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಬಳಸುತ್ತಿರುವುದರಿಂದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಎಲ್ಲರೂ ಬಳಸುತ್ತಿದ್ದ ಕಾನ್ಫಿಗ್ ಅನ್ನು ಹಲವು ವರ್ಷಗಳ ಹಿಂದೆ ಕಟ್ಟಿದವರು ಸಂಸ್ಥೆಯ ಮೊದಲ ಎಂಜಿನಿಯರ್. ಮೊದಲು ಅದು ಅವರೊಬ್ಬರ ಕಡತವಾಗಿತ್ತು. ಪಕ್ಕದಲ್ಲಿ ಕೂತವರು ಕೇಳಿದಾಗ ಕೊಟ್ಟರು, ಹೊಸಬರು ಬಂದಾಗ ಅದನ್ನೇ ಹಾಕಿಕೊಟ್ಟರು, ಹೀಗೆ ಒಬ್ಬರ ಅಭ್ಯಾಸವೇ ಬೆಳೆದು ತಂಡದ ಚೌಕಟ್ಟಾಯಿತು. ಅವರು ಸಂಸ್ಥೆ ಬಿಟ್ಟು ಮೈಸೂರಿಗೆ ಹೋಗುವ ಹೊತ್ತಿಗೆ ಅದು 3,400 ಸಾಲುಗಳ ಒಂದೇ ಕಡತವಾಗಿತ್ತು. ಯಾವ ಸಾಲು ಯಾರಿಗಾಗಿ ಬಂತು ಎಂಬುದನ್ನು ಅದರೊಳಗೆ ಎಲ್ಲಿಯೂ ಬರೆದಿರಲಿಲ್ಲ. ಅವರಿಗೆ ಅದೆಲ್ಲ ನೆನಪಿತ್ತು. ಆದ್ದರಿಂದ ಅವರಿರುವವರೆಗೆ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ನಮಗೆ ಕಂಡ ತೊಂದರೆ

ಇಮ್ಯಾಕ್ಸ್ ತೆರೆದುಕೊಳ್ಳಲು ಒಂಬತ್ತು ಸೆಕೆಂಡು ಹಿಡಿಯುತ್ತಿತ್ತು. ಹೊಸಬರ ಲ್ಯಾಪ್‌ಟಾಪ್‌ಗೆ ಕಾನ್ಫಿಗ್ ಹಾಕಲು ಒಂದೂವರೆ ದಿನ ಬೇಕಾಗುತ್ತಿತ್ತು. 27ನೆಯ ಆವೃತ್ತಿಯಲ್ಲೇ ಬಳಕೆಯಿಂದ ಕೈಬಿಡಬೇಕೆಂದು ಹೇಳಲಾಗಿದ್ದ ‘ಸಿಎಲ್’ ಎಂಬ ಹಳೆಯ ಕೋಡ್ ಗ್ರಂಥಾಲಯವನ್ನು ನಾವು ಇನ್ನೂ ಎಳೆದುಕೊಳ್ಳುತ್ತಿದ್ದುದರಿಂದ ಎಚ್ಚರಿಕೆಗಳು ಪರದೆ ತುಂಬುತ್ತಿದ್ದವು. ಇವೆಲ್ಲ ಕಿರಿಕಿರಿಗಳು, ಅಷ್ಟೇ.

ನಿಜವಾದ ಜಗಳ ಕೀಲಿಗಳದ್ದು. ಇಮ್ಯಾಕ್ಸ್‌ನ ರೂಢಿಯ ಪ್ರಕಾರ ಕಂಟ್ರೋಲ್-ಸಿ ಒತ್ತಿ ಅದರ ಬೆನ್ನಿಗೆ ಒಂದು ಅಕ್ಷರ ಒತ್ತುವ ಕೀಲಿಗಳು, ಜೊತೆಗೆ ಎಫ್5ರಿಂದ ಎಫ್9ರವರೆಗಿನ ಕೀಲಿಗಳು, ಬಳಕೆದಾರರ ಸ್ವಂತಕ್ಕೆ ಮೀಸಲು. ಇಮ್ಯಾಕ್ಸ್‌ಗೆ ಹೊರಗಿನಿಂದ ಸೌಲಭ್ಯ ಸೇರಿಸುವ ಯಾವ ಪ್ಯಾಕೇಜೂ ಅವನ್ನು ಮುಟ್ಟಬಾರದು. ಕಾನ್ಫಿಗ್ ಒಬ್ಬರದೇ ಆಗಿದ್ದಾಗ ಅವರು ಆ ಕೀಲಿಗಳನ್ನೆಲ್ಲ ತಮಗಾಗಿ ಬಳಸಿಕೊಂಡದ್ದು ಸರಿಯಾಗಿಯೇ ಇತ್ತು. ಅದೇ ಕಾನ್ಫಿಗ್ 14 ಜನರದಾದಾಗ, ಬಳಕೆದಾರರಿಗೆಂದು ಬಿಟ್ಟಿದ್ದ ಜಾಗವನ್ನೆಲ್ಲ ಚೌಕಟ್ಟೇ ಆಕ್ರಮಿಸಿಕೊಂಡಂತಾಯಿತು. ಯಾರಾದರೂ ತಮ್ಮದೊಂದು ಕೀಲಿ ಸೇರಿಸಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತಿತ್ತು. ಬೇಸತ್ತ ಇಬ್ಬರು ಅನುವಾದಕರು ಅಪ್‌ಡೇಟ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಚೌಕಟ್ಟು ಎಲ್ಲಿ ಮುಗಿಯುತ್ತದೆ, ವ್ಯಕ್ತಿಯ ಸ್ವಂತದ್ದು ಎಲ್ಲಿ ಶುರುವಾಗುತ್ತದೆ ಎಂಬ ಗಡಿ ಇಲ್ಲದಿದ್ದದ್ದೇ ಮೂಲ ತೊಂದರೆ ಎಂಬುದು ಅಂದೂ ಇಂದೂ ನನ್ನ ಅಭಿಪ್ರಾಯ.

ಮೊದಲು ಮಾಡಿ ನೋಡಿದ್ದು

ಸಿದ್ಧ ಚೌಕಟ್ಟೊಂದಕ್ಕೆ ಬದಲಾಗುವ ಯೋಚನೆ ಮೊದಲು ಬಂತು. ಡೂಮ್ ಇಮ್ಯಾಕ್ಸ್ ಅನ್ನು ಒಂದು ವಾರ ಬಳಸಿ ನೋಡಿದೆವು. ಅದು ಚುರುಕಾಗಿ ತೆರೆಯುತ್ತದೆ, ಅದರ ಒಳಗಿನ ವಿಂಗಡಣೆ ಅಚ್ಚುಕಟ್ಟಾಗಿದೆ. ಆದರೆ ಅದು ಮೊದಲಿಗೆ ಮುಂದಿಡುವುದು ವಿಮ್ ಎಂಬ ಇನ್ನೊಂದು ಎಡಿಟರ್‌ನ ಮಾದರಿಯ ಕೀಲಿಗಳನ್ನು. ಬೇಡವಾದರೆ ತೆಗೆಯಬಹುದು, ನಿಜ. ತೆಗೆದ ಮೇಲೆ ನಮ್ಮ ಜನರ ಬೆರಳಿಗೆ ಕೂತಿದ್ದ ಕೀಲಿಗಳನ್ನೆಲ್ಲ ಮತ್ತೆ ನಾವೇ ಕಟ್ಟಬೇಕಾಗುತ್ತಿತ್ತು, ಅಷ್ಟು ಮಾಡುವುದಾದರೆ ಬದಲಾಗುವುದರಿಂದ ಉಳಿಯುವ ಕೆಲಸ ಹೆಚ್ಚೇನಿರಲಿಲ್ಲ.

ಎರಡನೆಯದು, ಎಲ್ಲವನ್ನೂ ಹೊಸದಾಗಿ ಬರೆಯುವ ಪ್ರಯತ್ನ. ನಿರ್ವಾಹಕಿ ಮೂರು ವಾರ ಕೂತು ಚೊಕ್ಕ ಕಾನ್ಫಿಗ್ ಒಂದನ್ನು ಬರೆದರು. ಅದನ್ನು ಬಳಸಿ ನೋಡಿದ ಮೊದಲ ದಿನವೇ ಪಾಠ ಬರೆಯುವವರೊಬ್ಬರು ಬಂದು, ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಆಜ್ಞೆ ಎಲ್ಲಿ ಎಂದು ಕೇಳಿದರು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಫಾಂಟ್ ಆಧಾರದ ಹಳೆಯ ಸಂಕೇತದಲ್ಲಿ ಬರೆದಿಟ್ಟ ಹಸ್ತಪ್ರತಿಗಳು ಲೇಖಕರಿಂದ ಆಗಾಗ ಬರುತ್ತಿದ್ದವು. ಅವಕ್ಕಾಗಿ ಹಳೆಯ ಕಾನ್ಫಿಗ್‌ನ ಯಾವುದೋ ಮೂಲೆಯಲ್ಲಿ 40 ಸಾಲುಗಳ ಒಂದು ಫಂಕ್ಷನ್ ಇತ್ತೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅದಾದ ಮೇಲೆ ಅಂಥ ಇನ್ನೂ ಆರು ಸಂಗತಿಗಳು ಹೊರಬಂದವು. ಹೊಸ ಬರವಣಿಗೆಯನ್ನು ಅಲ್ಲಿಗೇ ಕೈಬಿಟ್ಟೆವು.

ಆಗ ಮಾಡಿದ ನಿರ್ಧಾರ ಇದು: ಹಳೆಯದನ್ನು ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡು, ತುಂಡು ತುಂಡಾಗಿ ಬೇರೆ ಕಡತಗಳಿಗೆ ಸಾಗಿಸುವುದು. 2023ರಲ್ಲಿ ಬಂದ 29ನೆಯ ಆವೃತ್ತಿ ಇದಕ್ಕೆ ಎರಡು ರೀತಿಯಲ್ಲಿ ನೆರವಾಯಿತು. ಯೂಸ್-ಪ್ಯಾಕೇಜ್ ಎಂಬ ಸಾಧನ ಇಮ್ಯಾಕ್ಸ್‌ನ ಭಾಗವೇ ಆದ್ದರಿಂದ ಪ್ರತಿ ಪ್ಯಾಕೇಜಿನ ಸಿದ್ಧತೆಯನ್ನು ಒಂದೇ ಕಡೆ ಒಂದೇ ಮಾದರಿಯಲ್ಲಿ ಬರೆಯಬಹುದಾಗಿತ್ತು. ಇಮ್ಯಾಕ್ಸ್ ತೆರೆಯುವಾಗಲೇ ಕಾನ್ಫಿಗ್ ಇರುವ ಡೈರೆಕ್ಟರಿಯನ್ನು ಹೇಳುವ ಸೌಲಭ್ಯವೂ ಆಗಲೇ ಬಂದದ್ದರಿಂದ ಹಳೆಯದು ಮತ್ತು ಹೊಸದನ್ನು ಒಂದೇ ಯಂತ್ರದಲ್ಲಿ ಅಕ್ಕಪಕ್ಕ ತೆರೆದು ಹೋಲಿಸಬಹುದಾಗಿತ್ತು.

ಜನವರಿಯಿಂದ ಕೆಲಸ ಶುರುವಾಯಿತು. ಚೌಕಟ್ಟು ಕಂಟ್ರೋಲ್-ಸಿ ಅಕ್ಷರಗಳನ್ನು ಪೂರ್ತಿ ಖಾಲಿ ಮಾಡಿ ತನ್ನ ಆಜ್ಞೆಗಳನ್ನು ಬೇರೊಂದು ಪೂರ್ವಕೀಲಿಯ (ಮೊದಲು ಒತ್ತಬೇಕಾದ ಕೀಲಿಯ) ಕೆಳಗೆ ಇಟ್ಟುಕೊಂಡಿತು. ಹಳೆಯ ಕೀಲಿ ಒತ್ತಿದರೆ ಕೆಲಸವೂ ಆಗುತ್ತಿತ್ತು, ಕೆಳಗಿನ ಸಾಲಿನಲ್ಲಿ ಹೊಸ ಕೀಲಿ ಯಾವುದೆಂಬ ಸೂಚನೆಯೂ ಬರುತ್ತಿತ್ತು. ಎರಡು ತಿಂಗಳು ಹಾಗೆಯೇ ಬಿಟ್ಟೆವು. ಪ್ರತಿಯೊಬ್ಬರಿಗೂ ಕೊನೆಯಲ್ಲಿ ಲೋಡ್ ಆಗುವ ಒಂದು ಸ್ವಂತ ಕಡತ ಕೊಟ್ಟೆವು, ಚೌಕಟ್ಟು ಅದನ್ನು ಎಂದೂ ಬರೆಯುವುದಿಲ್ಲ ಎಂಬ ಮಾತನ್ನೂ ಕೊಟ್ಟೆವು. ಬೇಕಾದಾಗ ಮಾತ್ರ ಪ್ಯಾಕೇಜುಗಳು ಲೋಡ್ ಆಗುವಂತೆ ಮಾಡಿದ್ದರಿಂದ ತೆರೆಯುವ ಸಮಯ ಎರಡು ಸೆಕೆಂಡಿಗೆ ಇಳಿಯಿತು. ಅಪ್‌ಡೇಟ್ ನಿಲ್ಲಿಸಿದ್ದ ಇಬ್ಬರೂ ಮರಳಿದರು. ಫೆಬ್ರವರಿ ಕೊನೆಗೆ ಕೆಲಸ ಮುಕ್ಕಾಲು ಮುಗಿದಿತ್ತು, ನಮಗೆ ಧೈರ್ಯ ಹೆಚ್ಚಾಗಿತ್ತು.

ಕಳೆದುಹೋದ ಅಕ್ಷರಗಳು

ಹಳೆಯ ಕಾನ್ಫಿಗ್‌ನಲ್ಲಿ ‘ಕಸ ತೆಗೆ’ ಎಂಬ ಅರ್ಥದ ಹೆಸರಿನ ಒಂದು ಸಣ್ಣ ಫಂಕ್ಷನ್ ಇತ್ತು. ಕಡತ ಉಳಿಸುವ ಮುನ್ನ ಅದು ಸಾಲಿನ ಕೊನೆಯ ಖಾಲಿ ಜಾಗವನ್ನೂ, ಕಣ್ಣಿಗೆ ಕಾಣದ ಕೆಲವು ಅಕ್ಷರಗಳನ್ನೂ ತೆಗೆದುಹಾಕುತ್ತಿತ್ತು. ಚಾಟ್‌ನಿಂದ, ಜಾಲಪುಟಗಳಿಂದ ಕೋಡ್ ನಕಲಿಸಿ ಅಂಟಿಸಿದಾಗ ಅಗಲವೇ ಇಲ್ಲದ ಖಾಲಿ ಅಕ್ಷರಗಳು ಜೊತೆಗೆ ಬರುತ್ತವೆ. ಕೋಡ್ ನೋಡಲು ಸರಿಯಾಗಿಯೇ ಇರುತ್ತದೆ, ಪೈಥಾನ್ ಮಾತ್ರ ಓಡಲು ಒಪ್ಪುವುದಿಲ್ಲ. ಅದಕ್ಕಾಗಿ ಯೂನಿಕೋಡ್‌ನ 200ಬಿ ಇಂದ 200ಡಿ ವರೆಗಿನ ಮೂರು ಅಕ್ಷರಗಳನ್ನು ಒಟ್ಟಿಗೆ ಅಳಿಸುವಂತೆ ಬರೆದಿದ್ದರು. ಕನ್ನಡ ಪಠ್ಯವಿಲ್ಲದ ಕೋಡ್ ಕಡತಗಳಲ್ಲಿ ಇದರಿಂದ ಏನೂ ತೊಂದರೆಯಿಲ್ಲ.

ಕನ್ನಡದಲ್ಲಿ ತೊಂದರೆಯಿದೆ. ಆ ಮೂರರಲ್ಲಿ 200ಸಿ ಎಂಬುದು ಜೀರೋ ವಿಡ್ತ್ ನಾನ್ ಜಾಯಿನರ್, 200ಡಿ ಎಂಬುದು ಜೀರೋ ವಿಡ್ತ್ ಜಾಯಿನರ್. ‘ಫೈಲ್‌ಗಳನ್ನು’ ಎಂದು ಬರೆಯುವಾಗ ಲ್ ಮತ್ತು ಗ ನಡುವೆ ಮೊದಲನೆಯದು ಕೂತಿರುತ್ತದೆ. ಅದನ್ನು ತೆಗೆದರೆ ಗ ಒತ್ತಾಗಿ ಲಕಾರದ ಕೆಳಗೆ ಇಳಿದು ‘ಫೈಲ್ಗಳನ್ನು’ ಆಗುತ್ತದೆ. ‘ಫೋಲ್ಡರ್‌ಗಳು’ ಎಂಬಲ್ಲಿ ತೆಗೆದರೆ ರಕಾರ ಅರ್ಕಾವತ್ತಾಗಿ, ‘ಮಾರ್ಗ’ದಲ್ಲಿ ಕಾಣುವಂತೆ, ‘ಫೋಲ್ಡರ್ಗಳು’ ಎಂದು ಕಾಣುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ಬೆನ್ನಿಗೆ ಎರಡನೆಯದು ಬೇಕು, ಅದಿಲ್ಲದಿದ್ದರೆ ‘ರ್ಯಾಂಕ್’. ಕಂಪ್ಯೂಟರ್ ಪಾಠಗಳಲ್ಲಿ ಎರವಲು ಪದಗಳು ಹೆಚ್ಚು, ಅವಕ್ಕೆ ಹತ್ತುವ ‘ಗಳು’, ‘ನಲ್ಲಿ’ಗಳೂ ಹೆಚ್ಚು. ನಮ್ಮ ಪಾಠಗಳಲ್ಲಿ ಈ ಅಕ್ಷರವಿಲ್ಲದ ಪುಟವೇ ಇರಲಿಲ್ಲ.

ಹಳೆಯ ಕಾನ್ಫಿಗ್ ಇಷ್ಟು ವರ್ಷ ಏಕೆ ಹಾನಿ ಮಾಡಲಿಲ್ಲ ಎಂದರೆ, ಮೊದಲ ಎಂಜಿನಿಯರ್ ಆ ಫಂಕ್ಷನ್ ಅನ್ನು ಪ್ರೋಗ್ರಾಮಿಂಗ್ ಮೋಡ್‌ಗಳ ಹುಕ್‌ನೊಳಗಿಂದ (ಮೋಡ್ ಎಂದರೆ ಒಂದು ಬಗೆಯ ಕಡತಕ್ಕೆ ಇಮ್ಯಾಕ್ಸ್ ನಡೆದುಕೊಳ್ಳುವ ರೀತಿ, ಹುಕ್ ಎಂದರೆ ಒಂದು ಸಂದರ್ಭ ಬಂದಾಗ ತಾನಾಗಿ ಓಡುವ ಫಂಕ್ಷನ್‌ಗಳ ಪಟ್ಟಿ) ಸೇರಿಸಿದ್ದರು, ಸೇರಿಸುವಾಗ ಆಡ್-ಹುಕ್ ಎಂಬ ಆಜ್ಞೆಗೆ ನಾಲ್ಕನೆಯ ಆರ್ಗ್ಯುಮೆಂಟ್ (ಆಜ್ಞೆಗೆ ಕೊಡುವ ಮೌಲ್ಯ) ಆಗಿ ‘ಟಿ’ ಎಂದು ಕೊಟ್ಟಿದ್ದರು. ಆ ಒಂದು ‘ಟಿ’ಯ ಅರ್ಥ, ಈ ಹುಕ್ ಈಗ ತೆರೆದಿರುವ ಬಫರ್‌ಗೆ, ಅಂದರೆ ಆ ಒಂದು ಕಡತಕ್ಕೆ ಮಾತ್ರ ಅನ್ವಯ ಎಂದು. ಆರ್ಗ್ ಮೋಡ್ ಹುಟ್ಟುವುದು ಪಠ್ಯದ ಮೋಡ್‌ನಿಂದ, ಪ್ರೋಗ್ರಾಮಿಂಗ್ ಮೋಡ್‌ನಿಂದ ಅಲ್ಲವಾದ್ದರಿಂದ ಪಾಠದ ಕಡತಗಳ ಹತ್ತಿರ ಅದು ಸುಳಿಯುತ್ತಲೇ ಇರಲಿಲ್ಲ. ಈ ಎಚ್ಚರಿಕೆ ಅವರ ಮನಸ್ಸಿನಲ್ಲಿತ್ತು. ಕೋಡ್‌ನಲ್ಲಿ ಉಳಿದದ್ದು ಒಂದು ಅಕ್ಷರ ಮಾತ್ರ.

ಮಾರ್ಚ್ ಮೊದಲ ವಾರ ನಾವು ಚದುರಿಹೋಗಿದ್ದ 31 ಹುಕ್‌ಗಳನ್ನು ಒಂದೇ ಕಮಿಟ್‌ನಲ್ಲಿ, ಅಂದರೆ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಒಂದೇ ನಮೂದಾಗಿ, ಯೂಸ್-ಪ್ಯಾಕೇಜ್‌ನ ಮಾದರಿಗೆ ತಂದೆವು. ಆ ಮಾದರಿ ಓದಲು ಸೊಗಸಾಗಿದೆ: ಹುಕ್‌ನ ಹೆಸರು, ಒಂದು ಚುಕ್ಕಿ, ಫಂಕ್ಷನ್‌ನ ಹೆಸರು. ಆದರೆ ಕಡತ ಉಳಿಸುವ ಮುನ್ನ ಓಡುವ ಬಿಫೋರ್-ಸೇವ್ ಹುಕ್ ಅನ್ನು ಹಾಗೆ ಬರೆದರೆ ಅದು ಎಲ್ಲ ಬಫರ್‌ಗಳಿಗೂ ಅನ್ವಯವಾಗುತ್ತದೆ. ಬಫರ್‌ಗೆ ಸೀಮಿತಗೊಳಿಸುವ ‘ಟಿ’ಗೆ ಅಲ್ಲಿ ಜಾಗವಿಲ್ಲ. ನಾನು ಆ ಕಮಿಟ್ ಓದಿದೆ. ಅಳಿಸಿದ ಕೆಂಪು ಸಾಲುಗಳು ಉದ್ದವಾಗಿ, ಒರಟಾಗಿದ್ದವು. ಸೇರಿಸಿದ ಹಸಿರು ಸಾಲುಗಳು ಚಿಕ್ಕದಾಗಿ, ಒಂದರ ಕೆಳಗೊಂದು ನೇರವಾಗಿ ಕೂತಿದ್ದವು. ಮೊದಲ ಹತ್ತನ್ನು ಅಕ್ಷರ ಅಕ್ಷರ ಹೋಲಿಸಿದೆ. ಉಳಿದವುಗಳಲ್ಲಿ ಫಂಕ್ಷನ್‌ನ ಹೆಸರು ಸರಿಯಿದೆಯೇ ಎಂದಷ್ಟೇ ನೋಡಿ ಒಪ್ಪಿಗೆ ಕೊಟ್ಟೆ. ಕಸ ತೆಗೆಯುವ ಫಂಕ್ಷನ್ ಇದ್ದದ್ದು ಇಪ್ಪತ್ತಮೂರನೆಯ ಜಾಗದಲ್ಲಿ. 31 ಬದಲಾವಣೆಗಳನ್ನು ಒಂದೇ ಕಮಿಟ್‌ಗೆ ಕಟ್ಟಿದ ನಿರ್ಧಾರವೇ ಈ ಪ್ರಕರಣದ ಮೊದಲ ತಿರುವು ಎಂದು ನಾನು ಗುರುತಿಸುತ್ತೇನೆ. ಅವು ನೋಡಲು ಒಂದೇ ಬಗೆಯಾಗಿದ್ದವು, ಒಂದೇ ಬಗೆಯ ಕೆಲಸ ಮಾಡುತ್ತಿರಲಿಲ್ಲ.

ಎರಡನೆಯ ತಿರುವು ಮೂರು ದಿನಗಳ ನಂತರದ್ದು, ಅದು ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಅನುವಾದಕರೊಬ್ಬರು ನಿರ್ವಾಹಕಿಯ ಹತ್ತಿರ ಬಂದು, “ಮೇಡಂ, ನಾನು ಒಂದು ಸಾಲು ತಿದ್ದಿದರೆ ಗಿಟ್‌ನಲ್ಲಿ 40 ಸಾಲು ಬದಲಾಗಿದೆ ಅಂತ ತೋರಿಸ್ತಿದೆ” ಎಂದರು. ಆ ವಾರದ ಅಪ್‌ಡೇಟ್ ಟಿಪ್ಪಣಿಯಲ್ಲಿ ಸಾಲಿನ ಕೊನೆಯ ಖಾಲಿ ಜಾಗ ತೆಗೆಯುವ ಮಾತು ಇದ್ದುದರಿಂದ, ಅದೇ ಕಾರಣವಿರಬೇಕು ಎಂದು ನಾವಿಬ್ಬರೂ ಹೇಳಿ ಕಳುಹಿಸಿದೆವು. ಒಂದು ಸಾಲನ್ನು ತೆರೆದು ನೋಡಿದ್ದರೆ ಸಾಕಾಗಿತ್ತು. ಟರ್ಮಿನಲ್‌ನಲ್ಲಿ ಕನ್ನಡ ಹೇಗೂ ಒಡೆದೊಡೆದು ಕಾಣುತ್ತದೆ, ಅಲ್ಲಿನ ಅಕ್ಷರಗಳನ್ನು ನಂಬಬಾರದು ಎಂಬ ರೂಢಿ ನಮ್ಮಲ್ಲಿ ಬಲವಾಗಿತ್ತು, ಹಾಗಾಗಿ ಕಣ್ಣ ಮುಂದಿದ್ದ ಸಾಕ್ಷ್ಯವನ್ನೂ ಆ ಲೆಕ್ಕಕ್ಕೇ ಸೇರಿಸಿಬಿಟ್ಟೆವು.

ಕೊನೆಗೆ ಹಿಡಿದವರು ಸಂಪಾದಕಿ, ಒಂಬತ್ತನೆಯ ದಿನ. ಜೂನ್ ಹೊತ್ತಿಗೆ ಶಾಲೆಗಳಲ್ಲಿ ಪಾಠ ಶುರುವಾಗುವುದರಿಂದ ಏಪ್ರಿಲ್‌ನಲ್ಲಿ ಪುಸ್ತಕ ಮುದ್ರಣಕ್ಕೆ ಹೋಗಬೇಕಿತ್ತು, ಅವರು ಕಾಗದದ ಮೇಲೆ ಕರಡು ಓದುತ್ತಿದ್ದರು. ಒಂದೇ ಪುಟದಲ್ಲಿ ಹನ್ನೊಂದು ಕಡೆ ಕೆಂಪು ಸುತ್ತು ಹಾಕಿ ತಂದು ಮೇಜಿನ ಮೇಲಿಟ್ಟರು. “ಇದು ಟೈಪ್ ಮಾಡಿದವರ ತಪ್ಪಲ್ಲ ಕಣ್ರೀ. ಇದೇ ಪುಟ ಹೋದ ತಿಂಗಳು ನಾನೇ ತಿದ್ದಿ ಕೊಟ್ಟಿದ್ದೆ, ಆಗ ಸರಿಯಾಗಿತ್ತು” ಎಂದರು. ಅವರ ಬಳಿ ಹಿಂದಿನ ಕರಡೂ ಇತ್ತು. ಎರಡು ಕಾಗದಗಳನ್ನು ಪಕ್ಕ ಪಕ್ಕ ಇಟ್ಟಾಗ ವಾದಕ್ಕೆ ಏನೂ ಉಳಿಯಲಿಲ್ಲ.

ಹುಡುಕಿದ್ದು, ಮರಳಿ ಪಡೆದದ್ದು

ಕಾರಣ ಹುಡುಕಲು ಅರ್ಧ ಗಂಟೆ ಸಾಕಾಯಿತು. ‘ಫೈಲ್‌ಗಳನ್ನು ಫೋಲ್ಡರ್‌ಗಳಲ್ಲಿ ಇಡಿ’ ಎಂಬ ಒಂದು ವಾಕ್ಯವಿರುವ ಆರ್ಗ್ ಕಡತವೊಂದನ್ನು ಮಾಡಿದೆವು. ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿಡುವ ಯುಟಿಎಫ್-8 ರೀತಿಯಲ್ಲಿ ನಾನ್ ಜಾಯಿನರ್ ಹಿಡಿಯುವುದು 3 ಬೈಟ್. ಆ ವಾಕ್ಯದಲ್ಲಿ ಅಂಥವು ಎರಡಿವೆ. ಇಮ್ಯಾಕ್ಸ್ ಅನ್ನು ಬ್ಯಾಚ್ ರೀತಿಯಲ್ಲಿ (ಕಿಟಕಿ ತೆರೆಯದೆ) ಓಡಿಸಿ, ಆ ಕಡತ ತೆರೆದು ಒಂದು ಸಣ್ಣ ಬದಲಾವಣೆ ಮಾಡಿ ಉಳಿಸಿದಾಗ ನಿರೀಕ್ಷಿಸಿದ್ದಕ್ಕಿಂತ 6 ಬೈಟ್ ಕಡಿಮೆಯಾದರೆ ಆ ಆವೃತ್ತಿ ಕೆಟ್ಟದ್ದು ಎಂದು ಹೇಳುವ ಚಿಕ್ಕ ಸ್ಕ್ರಿಪ್ಟ್ ಬರೆದು ತಪ್ಪು ಯಾವ ಕಮಿಟ್‌ನಲ್ಲಿ ಬಂತೆಂದು ಹುಡುಕುವ ಗಿಟ್ ಬೈಸೆಕ್ಟ್‌ಗೆ ಕೊಟ್ಟೆವು. ಜನವರಿಯಿಂದ ಸುಮಾರು 120 ಕಮಿಟ್‌ಗಳಾಗಿದ್ದವು. ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಏಳನೆಯ ಹೆಜ್ಜೆಗೆ ಅದು ಆ 31 ಹುಕ್‌ಗಳ ಕಮಿಟ್ ಮೇಲೆ ಬಂದು ನಿಂತಿತು.

ಕಾನ್ಫಿಗ್ ಸರಿಪಡಿಸುವುದು ಸುಲಭವಿತ್ತು, ಪಾಠಗಳನ್ನು ಸರಿಪಡಿಸುವುದು ಕಷ್ಟವಿತ್ತು. ಹಳೆಯ ಪ್ರತಿಗೆ ಹಿಂತಿರುಗೋಣವೆಂದರೆ ಒಂಬತ್ತು ದಿನಗಳ ನಿಜವಾದ ತಿದ್ದುಪಡಿಗಳು ಹೋಗುತ್ತಿದ್ದವು. ‘ಲ್ಗ’ ಬಂದಲ್ಲೆಲ್ಲ ಬಿಡಿಸೋಣ, ‘ರ್ಯ’ ಬಂದಲ್ಲೆಲ್ಲ ಜಾಯಿನರ್ ಹಾಕೋಣ ಎಂಬ ಸಲಹೆ ನನ್ನದೇ. ಅದನ್ನು ಸಂಪಾದಕಿ ಅಲ್ಲಿಯೇ ತಡೆದರು: ‘ಕಾರ್ಯ’, ‘ಸೂರ್ಯ’ಗಳ ಗತಿಯೇನು, ‘ವಲ್ಗು’ ಎಂಬ ಪದವೂ ಕನ್ನಡದಲ್ಲಿದೆ ಎಂದರು. ಅಕ್ಷರಗಳ ಮಟ್ಟದ ನಿಯಮದಿಂದ ಈ ಕೆಲಸ ಆಗುವುದಿಲ್ಲ, ಪದಗಳ ಮಟ್ಟದಲ್ಲಿ ಮಾಡಬೇಕು ಎಂಬುದು ಅವರ ಆ ಮಾತಿನಿಂದ ಸ್ಪಷ್ಟವಾಯಿತು. ಹಾನಿಗೆ ಮುಂಚಿನ ಎಲ್ಲ ಪಾಠಗಳಿಂದ ಈ ಅಕ್ಷರಗಳಿದ್ದ ಪದಗಳನ್ನು ಎತ್ತಿ, ಪ್ರತಿಯೊಂದಕ್ಕೂ ಅಕ್ಷರ ಕಳೆದುಕೊಂಡ ರೂಪವನ್ನು ಪಕ್ಕದಲ್ಲಿ ಬರೆದು ಪಟ್ಟಿ ಮಾಡಿದೆವು. ಎರಡೂ ರೂಪಗಳು ಹಳೆಯ ಪಾಠಗಳಲ್ಲೇ ಇದ್ದರೆ ಆ ಪದವನ್ನು ಯಂತ್ರ ಮುಟ್ಟದಂತೆ ಬೇರೆಯಿಟ್ಟೆವು. ಉಳಿದವನ್ನು ಸ್ಕ್ರಿಪ್ಟ್ ಬದಲಾಯಿಸಿತು. ಆ ಒಂಬತ್ತು ದಿನಗಳಲ್ಲಿ ಹೊಸದಾಗಿ ಬರೆದ ಪದಗಳಿಗೆ ಹಳೆಯ ಸಾಕ್ಷ್ಯವೇ ಇರಲಿಲ್ಲ. ಅವನ್ನು ಸಂಪಾದಕಿ ಮತ್ತು ಇಬ್ಬರು ಅನುವಾದಕರು ನಾಲ್ಕು ದಿನ ಕೂತು ಕಣ್ಣಿನಿಂದಲೇ ಓದಿ ತಿದ್ದಿದರು. ಪುಸ್ತಕ ಮುದ್ರಣಕ್ಕೆ ತಡವಾಗಲಿಲ್ಲ, ಆದರೆ ಅದರ ಬೆಲೆ ತೆತ್ತವರು ತಪ್ಪಿನಲ್ಲಿ ಪಾಲಿಲ್ಲದ ಆ ಮೂವರು.

ಮರುರಚನೆಯ ರೀತಿ ಬದಲಾದದ್ದು

ಕೆಲಸ ನಿಲ್ಲಿಸಿ ಹಳೆಯ ಕಡತಕ್ಕೇ ಮರಳೋಣ ಎಂಬ ಒತ್ತಾಯ ಬಂದಾಗ ನಿರ್ವಾಹಕಿ ಒಪ್ಪಲಿಲ್ಲ, ನಾನೂ ಅವರ ಜೊತೆ ನಿಂತೆ. ಹಳೆಯ ಕಡತದಲ್ಲಿ ಆ ‘ಟಿ’ಯಂಥವು ಇನ್ನೆಷ್ಟಿವೆಯೋ ಗೊತ್ತಿರಲಿಲ್ಲ, ಅದನ್ನು ಮುಟ್ಟದೆ ಇಟ್ಟರೆ ಅವು ಸುರಕ್ಷಿತವಾಗಿರುತ್ತವೆ, ತಿಳಿಯುವುದು ಮಾತ್ರ ಎಂದಿಗೂ ಇಲ್ಲ. ಮುಂದಿನ ಆವೃತ್ತಿಗೆ ಹೋಗುವ ದಿನ ಹೇಗೂ ಮುಟ್ಟಲೇಬೇಕಾಗುತ್ತಿತ್ತು.

ಹಾಗಾಗಿ ಸಾಗಿಸುವ ಕ್ರಮವನ್ನು ತಲೆಕೆಳಗು ಮಾಡಿದೆವು. ಮೊದಲು ಮೊದಲ ಎಂಜಿನಿಯರ್‌ಗೆ ಫೋನ್ ಮಾಡಿ ಎರಡು ಶನಿವಾರ ಕೇಳಿದೆವು. “ಸಾರ್, ಈ ಸಾಲು ಯಾಕೆ ಬಂತು?” ಎಂದು ಒಂದೊಂದನ್ನೇ ಓದುತ್ತಾ ಹೋದಾಗ ಅವರು ಮುಕ್ಕಾಲು ಪಾಲಿಗೆ ಉತ್ತರ ಕೊಟ್ಟರು. ‘ಟಿ’ಯ ವಿಷಯ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, ಅದನ್ನು ಸೇರಿಸುವ ಮುನ್ನ ತಮಗೂ ಒಂದು ಪಾಠದ ಕಡತ ಹಾಳಾಗಿತ್ತು, ಬರೆದಿಡಬೇಕಾಗಿತ್ತು ಎಂದರು. ಅದೇ ಹಾನಿ ಹಿಂದೊಮ್ಮೆ ಆಗಿತ್ತು, ಸರಿಯೂ ಆಗಿತ್ತು, ಆದರೆ ಅದರ ನೆನಪು ಅವರೊಂದಿಗೇ ಮೈಸೂರಿಗೆ ಹೋಗಿತ್ತು.

ಅದಾದ ಮೇಲೆ ಯಾವ ಸಾಲನ್ನು ಸಾಗಿಸುವುದಿದ್ದರೂ, ಈಗ ಅದು ಮಾಡುತ್ತಿರುವ ಕೆಲಸವನ್ನು ಹಿಡಿದಿಡುವ ಪರೀಕ್ಷೆಯೊಂದನ್ನು ಇಮ್ಯಾಕ್ಸ್‌ನದೇ ಆದ ಪರೀಕ್ಷಾ ಸಾಧನ ಇಆರ್‌ಟಿಯಲ್ಲಿ ಮೊದಲು ಬರೆದೆವು. ಪರೀಕ್ಷೆ ಹಳೆಯ ಕಾನ್ಫಿಗ್‌ನಲ್ಲಿ ಗೆದ್ದರೆ ಮಾತ್ರ ಸಾಲನ್ನು ಸಾಗಿಸಬಹುದಿತ್ತು. ಒಂದು ಕಮಿಟ್‌ಗೆ ಒಂದೇ ಹುಕ್. ಅದು ನಿಧಾನದ ದಾರಿ. ಉಳಿದ ಕಾಲು ಭಾಗ ಮುಗಿಯಲು ಮೊದಲ ಮುಕ್ಕಾಲಿಗಿಂತ ಹೆಚ್ಚು ಕಾಲ ಹಿಡಿಯಿತು, ಆಗಸ್ಟ್ ಬಂತು. ಎಲ್ಲ ಹುಕ್‌ಗಳನ್ನೂ ಯೂಸ್-ಪ್ಯಾಕೇಜ್‌ನ ಮಾದರಿಗೆ ತರುವ ಹಟವನ್ನೂ ಬಿಟ್ಟೆವು. ಬಫರ್‌ಗೆ ಸೀಮಿತವಾದ ಒಂಬತ್ತು ಹುಕ್‌ಗಳು ಇಂದಿಗೂ ಹಳೆಯ ಉದ್ದನೆಯ ರೂಪದಲ್ಲೇ ಇವೆ, ಪ್ರತಿಯೊಂದರ ಮೇಲೂ ಕಾರಣವಿದೆ. ನೋಡಲು ಒಂದೇ ಬಗೆಯಾಗಿರುವ ಕಾನ್ಫಿಗ್‌ನ ಚಂದಕ್ಕಿಂತ, ಬೇರೆಯಾಗಿರುವುದು ಬೇರೆಯಾಗಿಯೇ ಕಾಣುವುದು ನಿರ್ವಹಣೆಗೆ ಹೆಚ್ಚು ಉಪಕಾರಿ ಎಂದು ಈಗ ನಂಬಿದ್ದೇನೆ.

ಒಪ್ಪಿಗೆ ಕೊಡುವವರಲ್ಲಿ ಸಂಪಾದಕಿಯನ್ನೂ ಸೇರಿಸಿಕೊಂಡೆವು. ಕಾನ್ಫಿಗ್ ಬರೆಯುವ ಭಾಷೆಯಾದ ಲಿಸ್ಪ್ ಅನ್ನು ಅವರು ಓದುವುದಿಲ್ಲ. ಕಡತ ಉಳಿಸುವ ಹಾದಿಯನ್ನು ಮುಟ್ಟುವ ಬದಲಾವಣೆ ಏನೇ ಇದ್ದರೂ ಅವರು ಆರಿಸಿಕೊಟ್ಟ ಮೂರು ಪುಟಗಳನ್ನು ತೆರೆದು, ಉಳಿಸಿ, ಮುದ್ರಿಸಿ ಅವರ ಮೇಜಿನ ಮೇಲಿಡಬೇಕು. ಅವರು ಸಹಿ ಹಾಕಿದ ಮೇಲೆಯೇ ಅಪ್‌ಡೇಟ್ ಹೊರಡುತ್ತದೆ. ಆ ಪುಟಗಳಲ್ಲಿ ‘ಸಾಫ್ಟ್‌ವೇರ್’, ‘ರ‍್ಯಾಂಕ್’, ‘ಫೋಲ್ಡರ್‌ಗಳು’ ಇವೆ, ಜೊತೆಗೆ ‘ಕಾರ್ಯ’ ಮತ್ತು ‘ಮಾರ್ಗ’ವೂ ಇವೆ.

ಕಸ ತೆಗೆಯುವ ಫಂಕ್ಷನ್ ಈಗ ಕೋಡ್ ಕಡತಗಳಲ್ಲಿ ಮಾತ್ರ ಅಳಿಸುತ್ತದೆ. ಅದರ ಮೇಲಿನ ಟಿಪ್ಪಣಿ ಫಂಕ್ಷನ್‌ಗಿಂತ ಉದ್ದವಾಗಿದೆ, ಕನ್ನಡದಲ್ಲಿದೆ. ಚಾಟ್‌ನಿಂದ ನಕಲಿಸಿದಾಗ ಪಾಠದ ಕಡತಗಳೊಳಗೆ ಬರುವ 200ಬಿ ಅಕ್ಷರ ಅಲ್ಲಿಯೂ ಕಸವೇ, ಅದನ್ನೊಂದನ್ನಾದರೂ ತಾನಾಗಿ ಅಳಿಸೋಣವೇ ಎಂದು ನಾವು ಎರಡು ಸಲ ಚರ್ಚಿಸಿದೆವು. ಸದ್ಯಕ್ಕೆ ಎಡಿಟರ್ ಅದನ್ನು ಹಳದಿ ಬಣ್ಣದಲ್ಲಿ ತೋರಿಸುತ್ತದೆ, ಅಳಿಸುವುದು ಬರೆಯುವವರ ಕೈಯಲ್ಲಿದೆ.